ದೇವನಕ್ಕಿಯ ಎಲೆ ಮತ್ತು ಕೆರೆಯ ಅಂದಾಜುಪಟ್ಟಿ

ಪ್ರತಿ ವರ್ಷ ಜನವರಿ ಬಂತೆಂದರೆ ನಮ್ಮ ಕೆರೆಗಳ ಏರಿಯ ಮೇಲೆ ದುರ್ಬೀನು ಹಿಡಿದವರು ಕಾಣಿಸಿಕೊಳ್ಳುತ್ತಾರೆ. 1987ರಿಂದ ನಡೆದುಬಂದಿರುವ ಏಷ್ಯಾದ ನೀರುಹಕ್ಕಿ ಗಣತಿಯ ಕಾಲ ಅದು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಎಷ್ಟು ಬಂದವು, ರಂಗನತಿಟ್ಟಿನಲ್ಲಿ ಹೆಜ್ಜಾರ್ಲೆಗಳು ಎಷ್ಟಿದ್ದವು ಎಂಬ ವರದಿಗಳು ಪತ್ರಿಕೆಗಳಲ್ಲಿ ಬರುತ್ತವೆ. ಸಂಬಳವಿಲ್ಲದೆ, ಚಳಿಯಲ್ಲಿ ಎದ್ದು ಹೋಗಿ ಹಕ್ಕಿ ಎಣಿಸುವ ಈ ಸ್ವಯಂಸೇವಕರಿಂದಾಗಿಯೇ ನಮಗೆ ಕೆರೆಗಳ ಜೀವಜಾಲದ ಬಗ್ಗೆ ಇಷ್ಟಾದರೂ ಗೊತ್ತಿದೆ. ಆದರೆ ಜನವರಿಯ ಗಣತಿ ಉತ್ತರಿಸಲಾಗದ ಪ್ರಶ್ನೆಯೊಂದಿದೆ. ಒಂದು ಕೆರೆಗೆ ಯಾರು ಬಂದಿದ್ದಾರೆ ಎಂಬುದನ್ನು ಅದು ಹೇಳುತ್ತದೆ. ಆ ಕೆರೆಯಲ್ಲಿ ಯಾರು ಹುಟ್ಟುತ್ತಾರೆ ಎಂಬುದನ್ನು ಹೇಳುವುದಿಲ್ಲ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಕೋಟಿಗಟ್ಟಲೆ ಹಣ ಹರಿಯುತ್ತಿರುವ ಈ ದಿನಗಳಲ್ಲಿ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದುದೆಂದು ನನ್ನ ಭಾವನೆ. ಅದನ್ನು ವಿವರಿಸಲು ಒಂದು ಹಕ್ಕಿಯ ಮೂಲಕ ಹೋಗಬೇಕಾಗುತ್ತದೆ.

ದೇವನೂರು ಎಂದರೆ ಕನ್ನಡದ ಓದುಗರಿಗೆ ತಕ್ಷಣ ನೆನಪಾಗುವುದು ಲೇಖಕ ದೇವನೂರ ಮಹಾದೇವ ಅವರ ಹೆಸರು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಈ ಸೀಮೆ ಕಪಿಲೆ ಹರಿದು ಕಾವೇರಿಯನ್ನು ಸೇರುವ ನೆಲ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ನಾಲೆಯ ನೀರು ಕಂಡ ಊರುಗಳು ಇಲ್ಲಿವೆ. ಇಂದಿಗೂ ಮಳೆಯನ್ನೇ ನೆಚ್ಚಿದ ಊರುಗಳೂ ಇವೆ. ಎರಡೂ ಬಗೆಯ ಊರುಗಳಿಗೆ ಸಮಾನವಾದದ್ದು ಕೆರೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ ಎಂಬ ಪದಗಳು ಇನ್ನೂ ಬಳಕೆಯಲ್ಲಿರುವ ಪ್ರದೇಶವಿದು. ಈ ಕೆರೆಗಳ ತಾವರೆ, ನೈದಿಲೆಗಳ ನಡುವೆ ಓಡಾಡುವ ಹಕ್ಕಿಗಳಿಗೆ ಹಳ್ಳಿಗರ ಮಾತಿನಲ್ಲಿ ಸಾಮಾನ್ಯವಾಗಿ ಒಂದೇ ಹೆಸರು: ನೀರುಕೋಳಿ. ಪೇಟೆಯಿಂದ ಹೋಗುವ ನಾವೂ ಹೆಚ್ಚು ಬಲ್ಲವರೇನಲ್ಲ. ಕಪ್ಪಗಿದ್ದು ಹಣೆಯ ಮೇಲೆ ಬಿಳಿ ಹಲಗೆ ಇದ್ದರೆ ಅದು ನಾಮದ ಕೋಳಿ. ನೀಲಿ ಮೈ, ದಪ್ಪ ಕೆಂಪು ಕೊಕ್ಕಿನದು ಜಂಬುಕೋಳಿ. ಮುಖ, ಎದೆ ಬೆಳ್ಳಗಿದ್ದು, ಬಾಲ ಕುಣಿಸುತ್ತಾ ಬೇಲಿಯ ಬುಡಕ್ಕೆ ನುಸುಳುವುದು ಹುಂಡುಕೋಳಿ. ಇವೆಲ್ಲ ದಡ, ಜೊಂಡು, ತೆರೆದ ನೀರು ಹೀಗೆ ಹಲವು ಕಡೆ ಬದುಕಬಲ್ಲವು. ಇವುಗಳಿಂದ ಬೇರೆಯಾಗಿ, ಎಲೆಯ ಮೇಲೆಯೇ ಬಾಳುವ ಒಂದು ಜಾತಿಯಿದೆ. ನಮ್ಮ ಪಕ್ಷಿಪುಸ್ತಕಗಳು ಅದನ್ನು ದೇವನಕ್ಕಿ ಎನ್ನುತ್ತವೆ, ಇಂಗ್ಲಿಷಿನಲ್ಲಿ ಜಕಾನ. (ದೇವನೂರಿಗೂ ದೇವನಕ್ಕಿಗೂ ಹೆಸರಿನ ಹೊರತು ಬೇರೆ ನಂಟನ್ನು ನಾನು ಕಲ್ಪಿಸುತ್ತಿಲ್ಲ.) ಜಕಾನ ಎಂಬ ಪದ ಬ್ರೆಜಿಲ್‌ನ ಟುಪಿ ಜನರ ನುಡಿಯಿಂದ ಪೋರ್ಚುಗೀಸರ ಮೂಲಕ ಬಂದದ್ದು. ನೀರಿನ ಮೇಲೆ ನಡೆದಂತೆ ಕಾಣುವುದರಿಂದ ಕೆಲವರು ಇದನ್ನು ಏಸುಹಕ್ಕಿ ಎಂದೂ ಕರೆದರು.

ನಮ್ಮಲ್ಲಿ ದೇವನಕ್ಕಿಯ ಎರಡು ಪ್ರಭೇದಗಳಿವೆ. ಕಂಚುರೆಕ್ಕೆಯದು ವರ್ಷವಿಡೀ ಒಂದೇ ವೇಷದಲ್ಲಿರುತ್ತದೆ: ಹೊಳೆಯುವ ಕಪ್ಪು ತಲೆ ಮತ್ತು ಎದೆ, ಹಸಿರು ಮಿಶ್ರಿತ ಕಂಚಿನ ಬೆನ್ನು, ಕಣ್ಣಿನ ಮೇಲಿಂದ ಹಿಂದಕ್ಕೆ ಎಳೆದಂತಿರುವ ಬಿಳಿಯ ಹುಬ್ಬು, ಮೊಂಡಾದ ಕೆಂಗಂದು ಬಾಲ. ಒಮ್ಮೆ ಗುರುತಿಸಿದವರು ಮತ್ತೆ ತಪ್ಪುವಂತಿಲ್ಲ. ಉದ್ದಬಾಲದ ದೇವನಕ್ಕಿಯ ವಿಷಯ ಬೇರೆ. ಮಳೆಗಾಲದಲ್ಲಿ ಅದರ ಸೊಬಗು ಹೇಳತೀರದು. ಚಾಕೊಲೇಟ್ ಬಣ್ಣದ ಮೈ, ಬೆಳ್ಳನೆಯ ರೆಕ್ಕೆ ಮತ್ತು ಮುಖ, ಕತ್ತಿನ ಹಿಂಬದಿಗೆ ಕಪ್ಪು ಅಂಚಿನ ಹೊಂಬಣ್ಣ, ಜೊತೆಗೆ ಕುಡುಗೋಲಿನಂತೆ ಬಾಗಿದ ನೀಳ ಬಾಲ. ಸಂತಾನಕಾಲ ಮುಗಿದ ಮೇಲೆ ಆ ಬಾಲ ಉದುರುತ್ತದೆ, ಬಣ್ಣ ಮಾಸುತ್ತದೆ. ಚಳಿಗಾಲದಲ್ಲಿ ಉಳಿಯುವುದು ಮಬ್ಬು ಕಂದು ಬೆನ್ನು, ಬಿಳಿ ಹೊಟ್ಟೆ, ಎದೆಗೊಂದು ಕಪ್ಪು ಕಂಠಿ. ದೂರದಿಂದ ನೋಡಿದವರು ಅದನ್ನು ಯಾವುದೋ ವಲಸೆಯ ಗದ್ದೆಹಕ್ಕಿ ಎಂದು ಬಗೆದು ಮುಂದೆ ಹೋಗುವುದುಂಟು. ಅನುಮಾನವಿದ್ದರೆ ಕಾಲು ನೋಡಬೇಕು. ದೇಹಕ್ಕೆ ಹೊಂದದಷ್ಟು ಉದ್ದನೆಯ ಬೆರಳುಗಳು, ಅದಕ್ಕಿಂತ ಸೋಜಿಗವೆನಿಸುವ ಹಿಂಬೆರಳಿನ ಉಗುರು. ಮೈಯ ಭಾರವನ್ನು ಅಗಲಕ್ಕೆ ಹಂಚಿ ತೇಲುವ ಎಲೆ ಮುಳುಗದಂತೆ ನೋಡಿಕೊಳ್ಳುವ ವ್ಯವಸ್ಥೆಯದು. ರೆಕ್ಕೆಯ ಮಡಿಕೆಯಲ್ಲಿ ಚೂಪಾದ ಮುಳ್ಳೊಂದಿದೆ. 1786ರಲ್ಲಿ ಈ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ ಸ್ಕೋಪೋಲಿ ಅದಕ್ಕೆ ಶಸ್ತ್ರವೈದ್ಯ ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟ.

ನಡವಳಿಕೆಯ ವಿಷಯಕ್ಕೆ ಬಂದರೆ ದೇವನಕ್ಕಿಯ ಸಂಸಾರ ನಾವು ಹಕ್ಕಿಗಳ ಬಗ್ಗೆ ಸಾಮಾನ್ಯವಾಗಿ ಇಟ್ಟುಕೊಂಡ ಕಲ್ಪನೆಯನ್ನು ತಲೆಕೆಳಗು ಮಾಡುತ್ತದೆ. ಎರಡೂ ಪ್ರಭೇದಗಳಲ್ಲಿ ಹೆಣ್ಣು ಗಂಡಿಗಿಂತ ಗಣನೀಯವಾಗಿ ದೊಡ್ಡದು. ಕೆರೆಯ ಒಂದು ಭಾಗವನ್ನು ತನ್ನದೆಂದು ಸಾರಿ, ಬೇರೆ ಹೆಣ್ಣುಗಳನ್ನು ಅಟ್ಟಿ, ಆ ಎಲ್ಲೆಯೊಳಗೆ ಹಲವು ಗಂಡುಗಳೊಂದಿಗೆ ಕೂಡುವುದು ಅದೇ. ಕಂಚುರೆಕ್ಕೆಯ ಹೆಣ್ಣೊಂದರ ಎಲ್ಲೆಯಲ್ಲಿ ನಾಲ್ಕರವರೆಗೆ ಗಂಡುಗಳಿರುವುದುಂಟು. ತೇಲುವ ಸಸ್ಯಗಳ ಮೇಲೆ ಹೆಣ್ಣು ನಾಲ್ಕು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಕಂಚುರೆಕ್ಕೆಯ ಮೊಟ್ಟೆಯ ಮೇಲೆ ಯಾರೋ ಕಪ್ಪು ಶಾಯಿಯಲ್ಲಿ ಗೀಚಿದಂತಹ ಗೆರೆಗಳಿರುತ್ತವೆ. ಉದ್ದಬಾಲದ ಹೆಣ್ಣು ಒಂದೇ ಋತುವಿನಲ್ಲಿ ಹೀಗೆ ಹತ್ತು ಸಲದವರೆಗೆ ಮೊಟ್ಟೆಯಿಡಬಲ್ಲದು. ಮುಂದಿನ ಸುಮಾರು ನಾಲ್ಕು ವಾರ ಕಾವು ಕೊಡುವುದು, ಮರಿಗಳನ್ನು ಮೇಯಿಸುವುದು, ಕಾಯುವುದು ಎಲ್ಲವೂ ಗಂಡಿನ ಪಾಲು. ಅಪಾಯ ಕಂಡಾಗ ಕಂಚುರೆಕ್ಕೆಯ ಗಂಡು ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ನಡೆಯುತ್ತದೆ. ಅಪ್ಪನ ಪಕ್ಕೆಯಿಂದ ಮರಿಗಳ ಉದ್ದನೆಯ ಕಾಲುಗಳು ನೇತಾಡುತ್ತಿರುತ್ತವೆ. ಉದ್ದಬಾಲದ ಗಂಡು ಗೂಡಿಗೆ ತೊಂದರೆಯಾದರೆ ಮೊಟ್ಟೆಗಳನ್ನು ಕೊಕ್ಕು ಮತ್ತು ಎದೆಯ ನಡುವೆ ಹಿಡಿದೋ ತಳ್ಳಿಯೋ ಬೇರೆ ಎಲೆಗೆ ಸಾಗಿಸುತ್ತದೆ. ಕಂಚುರೆಕ್ಕೆಯ ಗಂಡುಗಳು ಜೋರಾಗಿ ಕೂಗಿ ಹೆಣ್ಣಿನ ಗಮನಕ್ಕಾಗಿ ಪೈಪೋಟಿ ನಡೆಸುವ ಬಗೆಯನ್ನು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ದಾಖಲಿಸಿದೆ.

ದೇವನಕ್ಕಿಯ ಬಗ್ಗೆ ಬರುವ ಜನಪ್ರಿಯ ಬರಹಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತವೆ. ‘ಹಲವು ಗಂಡಂದಿರ ರಾಣಿ’ ಎಂಬ ಶೀರ್ಷಿಕೆ, ಒಂದೆರಡು ಚಟಾಕಿ, ಅಲ್ಲಿಗೆ ಮುಗಿಯಿತು. ಈ ವಿಚಿತ್ರ ಪದ್ಧತಿ ಏಕೆ ಬಂದಿರಬಹುದೆಂಬ ಪ್ರಶ್ನೆ ಅದಕ್ಕಿಂತ ಸ್ವಾರಸ್ಯಕರವಾದದ್ದು. ವಿಜ್ಞಾನಿಗಳು ಮುಂದಿಡುವ ವಿವರಣೆಗಳಲ್ಲಿ ಒಂದು ಹೀಗಿದೆ. ತೇಲುವ ಎಲೆಯ ಮೇಲಿನ ಗೂಡಿನಷ್ಟು ಅಭದ್ರವಾದ ಗೂಡು ಇನ್ನೊಂದಿಲ್ಲ. ನೀರು ಏರುತ್ತದೆ, ಗಾಳಿ ಬೀಸುತ್ತದೆ, ಹಾವು, ಹದ್ದುಗಳು ಬರುತ್ತವೆ. ಅನೇಕ ಗೂಡುಗಳು ನಾಶವಾಗುತ್ತವೆ. ಹೀಗಿರುವಾಗ ಕಾವಿನ ಹೊಣೆಯಿಂದ ಬಿಡುಗಡೆ ಪಡೆದು, ಕಳೆದುಹೋದ ಮೊಟ್ಟೆಗಳ ಜಾಗದಲ್ಲಿ ಬೇಗನೆ ಹೊಸ ಮೊಟ್ಟೆ ಇಡಬಲ್ಲ ಹೆಣ್ಣಿಗೆ ಹೆಚ್ಚು ಸಂತಾನ ಉಳಿಯುತ್ತದೆ. ಅಂದರೆ ಈ ಹಕ್ಕಿಯ ಇಡೀ ಸಂಸಾರವೇ ನಷ್ಟವನ್ನು ಲೆಕ್ಕಕ್ಕೆ ಹಿಡಿದು ರೂಪುಗೊಂಡದ್ದು. ಒಂದು ಗೂಡು ಹೋದರೆ ಅದು ಸಹಿಸುತ್ತದೆ, ಐದು ಹೋದರೂ ಸಹಿಸೀತು. ಮುಂದಿನ ಗೂಡಿಗೆ ಎಲೆಯೇ ಇಲ್ಲವಾದರೆ ಮಾತ್ರ ಅದರ ಬಳಿ ಉಪಾಯವಿಲ್ಲ.

ಎಲೆ ಎಲ್ಲಿ ಬೆಳೆಯುತ್ತದೆ? ತಾವರೆಯಾಗಲಿ ನೈದಿಲೆಯಾಗಲಿ ಕೆಸರಿನಲ್ಲಿ ಬೇರೂರಿ, ಬೆಳಕು ತಲಪುವಷ್ಟು ಆಳದ ನೀರಿನಲ್ಲಿ ಎಲೆ ಹರಡುವ ಸಸ್ಯ. ನಮ್ಮ ಹಿಂದಿನವರು ಕಟ್ಟಿದ ಕೆರೆಯ ಆಕಾರ ಊಟದ ತಟ್ಟೆಯದು. ಏರಿಯ ಬಳಿ, ತೂಬಿನ ಮುಂದೆ ಆಳ; ಅಲ್ಲಿಂದ ಹಿಂದಕ್ಕೆ ಇಳಿಜಾರಾಗಿ ಸಾಗಿ, ಹಳ್ಳ ಬಂದು ಸೇರುವ ತುದಿಯಲ್ಲಿ ಮೊಣಕಾಲುದ್ದ, ಹಿಮ್ಮಡಿಯುದ್ದದ ನೀರು. ಈ ಹಿಂಬದಿಯ ಕೆರೆಯಂಗಳದಲ್ಲಿ ನೀರಿದ್ದಾಗ ಎಲೆ, ನೀರಿಳಿದಾಗ ದನಕರುಗಳಿಗೆ ಹುಲ್ಲು. ಬೇಸಿಗೆಯಲ್ಲಿ ರೈತರು ಕೆರೆಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಮುಂಗಾರು ಬರುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತಿತ್ತು. ದೇವನಕ್ಕಿ ಗೂಡು ಕಟ್ಟುವುದು ಮುಂಗಾರಿನ ನಂತರ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಒಂದು ಮತ್ತೊಂದಕ್ಕೆ ಅಡ್ಡ ಬರುತ್ತಿರಲಿಲ್ಲ. ಇದು ಯಾರೋ ಹಕ್ಕಿಗಾಗಿ ಮಾಡಿದ ಏರ್ಪಾಡಲ್ಲ ಎಂಬುದು ನಿಜ. ಆದರೂ ನಡೆದುಕೊಂಡು ಬಂದಿತ್ತು.

ಇಂದು ‘ಪುನಶ್ಚೇತನ’ಗೊಂಡ ಕೆರೆಗಳಿಗೆ ಬೇರೆಯದೇ ಆಕಾರ ಬರುತ್ತಿದೆ. ಯಂತ್ರಗಳಿಂದ ಅಂಚಿನವರೆಗೂ ಒಂದೇ ಆಳಕ್ಕೆ ಅಗೆದು, ತೆಗೆದ ಮಣ್ಣಿನಿಂದ ಸುತ್ತಲೂ ದಂಡೆ ಏರಿಸಿ, ಒಳಮೈಗೆ ಕಲ್ಲು ಜೋಡಿಸಿ, ಮೇಲೆ ನಡಿಗೆ ಪಥ ಹಾಕುತ್ತಾರೆ. ತಟ್ಟೆ ಬಟ್ಟಲಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಆರಂಭವಾದ ಕೇಂದ್ರದ ಅಮೃತ ಸರೋವರ ಯೋಜನೆ ಜಿಲ್ಲೆಗೆ 75 ಕೆರೆಗಳ ಗುರಿ ಇಟ್ಟುಕೊಂಡಾಗ ನಿಗದಿಪಡಿಸಿದ ಅಳತೆ ಕನಿಷ್ಠ ಒಂದು ಎಕರೆ ವಿಸ್ತಾರ ಮತ್ತು ಸುಮಾರು 10,000 ಘನ ಮೀಟರ್ ನೀರಿನ ಸಂಗ್ರಹ. ಲೆಕ್ಕ ಹಾಕಿದರೆ ಸರಾಸರಿ ಆಳ ಎರಡೂವರೆ ಮೀಟರ್ ಬರುತ್ತದೆ. ಬರದ ನಾಡಿನಲ್ಲಿ ನೀರಿನ ಸಂಗ್ರಹ ಹೆಚ್ಚಬೇಕೆಂಬ ಆಶಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಂದು ಎಕರೆಯಲ್ಲಿ ಸರಾಸರಿ ಎರಡೂವರೆ ಮೀಟರ್ ಆಳ ತೋರಿಸಬೇಕಾದ ಎಂಜಿನಿಯರು ಹಿಮ್ಮಡಿಯುದ್ದದ ನೀರಿಗೆ ಎಲ್ಲಿ ಜಾಗ ಬಿಟ್ಟಾನು? ಇದರ ಮೇಲೆ ಮೀನುಗಾರಿಕೆಯ ಗುತ್ತಿಗೆ. ಜಲಸಸ್ಯವನ್ನೇ ತಿಂದು ಬೆಳೆಯುವ ಹುಲ್ಲುಗೆಂಡೆ ಮೀನನ್ನು ಬಿಟ್ಟರೆ ಕೆರೆ ‘ಸ್ವಚ್ಛ’ವಾಗುತ್ತದೆ, ಮೀನೂ ಕೊಬ್ಬುತ್ತದೆ. ಆ ಸ್ವಚ್ಛ ಕೆರೆಯಲ್ಲಿ ನೀರುಕಾಗೆ ಮುಳುಗುತ್ತದೆ, ಹೆಜ್ಜಾರ್ಲೆ ಈಜುತ್ತದೆ. ದೇವನಕ್ಕಿಗೆ ಕಾಲಿಡಲು ನೆಲೆಯಿರುವುದಿಲ್ಲ.

ಹಾಗೆಂದು ನೀರಿನ ಮೇಲಿನ ಹಸಿರೆಲ್ಲವನ್ನೂ ಪೂಜಿಸಬೇಕಿಲ್ಲ. ದಕ್ಷಿಣ ಅಮೆರಿಕದಿಂದ ಬಂದ ವಾಟರ್ ಹಯಸಿಂತ್ ಎಂಬ ನೇರಳೆ ಹೂವಿನ ಕಳೆ ಚರಂಡಿ ನೀರುಂಡು ಕೊಬ್ಬಿ ಇಡೀ ಕೆರೆಯನ್ನು ಚಾಪೆಯಂತೆ ಮುಚ್ಚುವುದನ್ನು ನಾವೆಲ್ಲ ಕಂಡಿದ್ದೇವೆ. ಅದರ ಮೇಲೂ ದೇವನಕ್ಕಿ ನಡೆದಾಡುತ್ತದೆ ಎಂಬುದನ್ನೇ ಹಿಡಿದುಕೊಂಡು ಕಳೆ ಇರಲಿ ಎಂದು ವಾದಿಸುವುದು ಸರಿಯಲ್ಲ. ಕೆಳಗೆ ಉಸಿರು ಕಟ್ಟಿದ ನೀರಿನಲ್ಲಿ ಮೀನಿಗಾಗಲಿ ಕೀಟಕ್ಕಾಗಲಿ ಉಳಿಗಾಲವಿಲ್ಲ. ಅದನ್ನು ತೆಗೆಯಲೇಬೇಕು. ತೆಗೆಯುವವರಿಗೆ ನೈದಿಲೆಗೂ ಹಯಸಿಂತ್‌ಗೂ ವ್ಯತ್ಯಾಸ ತಿಳಿದಿರಬೇಕು, ಕೆಲಸ ಆಗಸ್ಟಿನಲ್ಲಿ ನಡೆಯಬಾರದು ಎಂಬುದಷ್ಟೇ ನನ್ನ ವಾದ. ಕಳೆದ ಮಳೆಗಾಲ ದೇವನೂರು ಕಡೆಯ ಕೆರೆಯೊಂದರ ಏರಿಯ ಮೇಲೆ ಅರ್ಧ ಗಂಟೆ ನಿಂತಾಗ ನನಗೆ ಕಂಡದ್ದು ಒಂದು ಗಂಡು ದೇವನಕ್ಕಿ ಮತ್ತು ಅದರ ಹಿಂದೆ ಎಲೆಯಿಂದ ಎಲೆಗೆ ಹಾರುತ್ತಿದ್ದ ಮೂರು ಮರಿಗಳು. ಅವುಗಳ ಜಗತ್ತೆಲ್ಲ ಒಂದು ಗುಂಟೆಗೂ ಮೀರದ ನೈದಿಲೆಯ ಹರವಿನಲ್ಲಿತ್ತು. ಒಂದು ಯಂತ್ರಕ್ಕೆ ಅದು ಒಂದು ಮಧ್ಯಾಹ್ನದ ಕೆಲಸ.

ಕಾನೂನು ಏನು ಹೇಳುತ್ತದೆ? ಇಲ್ಲಿ ಓದುಗರು ಗಮನಿಸಬೇಕಾದ ಒಂದು ವೈಚಿತ್ರ್ಯವಿದೆ. ಜೌಗುಪ್ರದೇಶಗಳ ಸಂರಕ್ಷಣೆಗಾಗಿ ಕೇಂದ್ರ ಸರ್ಕಾರ 2010ರಲ್ಲಿ ಮಾಡಿದ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ನಿಯಮಗಳು ಬಂದವು. ಕುಡಿಯುವ ನೀರಿಗಾಗಿ, ನೀರಾವರಿಗಾಗಿ, ಮೀನು ಸಾಕಣೆಗಾಗಿ ಮನುಷ್ಯರು ನಿರ್ಮಿಸಿದ ಜಲಾಶಯಗಳು ಈ ನಿಯಮಗಳ ವ್ಯಾಖ್ಯೆಯಿಂದ ಹೊರಗೆ. ಗದ್ದೆಗಳೂ ಹೊರಗೆ. ಆದರೆ ಉಪಗ್ರಹ ಚಿತ್ರಗಳ ಆಧಾರದಿಂದ ತಯಾರಾದ ರಾಷ್ಟ್ರೀಯ ಜೌಗುಪ್ರದೇಶ ನಕಾಶೆಯಲ್ಲಿ ಮಾನವನಿರ್ಮಿತ ಕೆರೆಕಟ್ಟೆಗಳೂ ಸೇರಿವೆ. 2.25 ಹೆಕ್ಟೇರ್‌ಗಿಂತ ದೊಡ್ಡದಾದ ಜೌಗುಪ್ರದೇಶಗಳ ಸಂಖ್ಯೆ 2021ರ ನಕಾಶೆಯ ಪ್ರಕಾರ ದೇಶದಲ್ಲಿ 2,31,195. ಇವುಗಳ ಗಡಿಯನ್ನು ಸ್ಥಳದಲ್ಲೇ ಪರಿಶೀಲಿಸಿ ಗುರುತಿಸುವ ಕೆಲಸವನ್ನು ಮೂರು ತಿಂಗಳೊಳಗೆ ಮುಗಿಸುವಂತೆ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಒಂದು ಕಡೆ ಎಣಿಕೆಯಲ್ಲಿರುವ ಕೆರೆ, ಮತ್ತೊಂದು ಕಡೆ ರಕ್ಷಣೆಯ ವ್ಯಾಖ್ಯೆಯೊಳಗೆ ಬಾರದ ಕೆರೆ. ಹಳೆ ಮೈಸೂರಿನ ಕೆರೆಗಳೆಲ್ಲ ನೀರಾವರಿಗೆಂದೇ ಕಟ್ಟಿದವು. ಶತಮಾನಗಳ ಹಿಂದೆ ಕಟ್ಟಿ, ಈಗ ಸಾವಿರಾರು ಜೀವಗಳ ಮನೆಯಾಗಿರುವ ಕೆರೆಯನ್ನು ಅದು ಯಾವ ಉದ್ದೇಶಕ್ಕೆ ಹುಟ್ಟಿತು ಎಂಬ ಕಾರಣದಿಂದ ಹೊರಗಿಡುವುದು ವಿಚಿತ್ರ ತರ್ಕ.

ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಅವುಗಳಿಗಾಗಿಯೇ 2014ರ ಕಾಯ್ದೆಯಿದೆ, ಪ್ರಾಧಿಕಾರವೂ ಇದೆ. ಒತ್ತುವರಿ ಮತ್ತು ಕೊಳಚೆ ನೀರು ಅದರ ಮುಖ್ಯ ಚಿಂತೆ. ಆ ಚಿಂತೆ ನ್ಯಾಯವಾದದ್ದೇ. ಆದರೆ 2025ರಲ್ಲಿ ಸರ್ಕಾರ ವಿಧಾನಮಂಡಲದ ಮುಂದೆ ತಂದ ತಿದ್ದುಪಡಿ, ಎಲ್ಲ ಕೆರೆಗಳಿಗೂ ಅನ್ವಯಿಸುತ್ತಿದ್ದ 30 ಮೀಟರ್ ಮೀಸಲು ಅಂತರದ ಬದಲು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಅದನ್ನು ಇಳಿಸುವ ಪ್ರಸ್ತಾವ. ಕೆರೆ ಚಿಕ್ಕದಾದಷ್ಟೂ ಅಂತರ ಕಡಿಮೆ. ಕಡತದಲ್ಲಿ ಇದು ನ್ಯಾಯಸಮ್ಮತವೆಂದು ಕಾಣಬಹುದು. ಕೆರೆಯ ದಡದಲ್ಲಿ ನಿಂತವರಿಗೆ ಕಾಣುವುದು ಬೇರೆ: ಚಿಕ್ಕ ಕೆರೆಯೇ ಹೆಚ್ಚಾಗಿ ಆಳವಿಲ್ಲದ ಕೆರೆ, ಎಲೆಯ ಕೆರೆ. ಅದಕ್ಕೆ ಅಂಚೇ ಮುಕ್ಕಾಲು ಪಾಲು ಮೈ.

ದೇವನಕ್ಕಿ ಅಳಿವಿನಂಚಿನಲ್ಲಿರುವ ಪಕ್ಷಿಯಲ್ಲ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಜಾಗತಿಕ ಪಟ್ಟಿಯಲ್ಲಿ ಎರಡೂ ಪ್ರಭೇದಗಳು ಆತಂಕವಿಲ್ಲದ ವರ್ಗದಲ್ಲಿವೆ. ಅದಕ್ಕಾಗಿಯೇ ಇದು ಯೋಗ್ಯ ಸಾಕ್ಷಿ. ಅಳಿವಿನಂಚಿನ ಹಕ್ಕಿಯೊಂದು ಕಾಣದಿದ್ದರೆ ಅದಕ್ಕೆ ನೂರು ಕಾರಣಗಳಿರಬಹುದು; ಎಲ್ಲೆಡೆ ಇರಬೇಕಾದ ಹಕ್ಕಿ ಒಂದು ಕೆರೆಯಲ್ಲಿ ಮರಿ ಮಾಡದಿದ್ದರೆ ಕಾರಣವನ್ನು ಆ ಕೆರೆಯಲ್ಲೇ ಹುಡುಕಬಹುದು. ನಮ್ಮ ಸಂರಕ್ಷಣೆಯ ಉತ್ಸಾಹವೂ ಗಾತ್ರಕ್ಕೆ ಮರುಳಾಗುವಂಥದು. ಸಲೀಂ ಅಲಿ ಅವರ ಮಾತಿಗೆ ಮೈಸೂರು ಸಂಸ್ಥಾನ ಓಗೊಟ್ಟು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವಾಗಿಸಿತು. 2022ರಲ್ಲಿ ಅದು ರಾಜ್ಯದ ಮೊದಲ ರಾಮ್ಸರ್ ತಾಣವಾಯಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಮನೆಯಂಗಳದ ಮರದ ಮೇಲೆ ಹೆಜ್ಜಾರ್ಲೆಗಳನ್ನು ಪೊರೆದುದಕ್ಕೆ 2007ರಲ್ಲಿ ಸಮುದಾಯ ಮೀಸಲಿನ ಮಾನ್ಯತೆ ದೊರೆಯಿತು. ಎರಡೂ ಹೆಮ್ಮೆಯ ಸಂಗತಿಗಳು. ಎರಡೂ ಮರದ ಮೇಲೆ ಗುಂಪಾಗಿ, ಎಲ್ಲರಿಗೂ ಕಾಣುವಂತೆ ಗೂಡು ಕಟ್ಟುವ ದೊಡ್ಡ ಹಕ್ಕಿಗಳ ಕಥೆಗಳು. ಹದಿನಾರು ಕೆರೆಯ ಹೆಬ್ಬಾತುಗಳದು ಹಿಮಾಲಯ ದಾಟಿ ಬಂದ ನೆಂಟರ ಕಥೆ. ನೆಂಟರಿಗೆ ಮಣೆ ಹಾಕುವುದು ನಮ್ಮ ರೂಢಿ. ಮನೆಮಗನಂತೆ ಇಲ್ಲೇ ಹುಟ್ಟಿ, ಒಂಟಿಯಾಗಿ, ಎಲೆಯ ಮೇಲೆ ಸಂಸಾರ ಹೂಡುವ ಹಕ್ಕಿಯನ್ನು ನೋಡಲು ಕ್ಯಾಮೆರಾಗಳು ಬರುವುದಿಲ್ಲ.

ರೈತನಿಗೆ ನೀರು ಮೊದಲು, ಹಕ್ಕಿ ಆಮೇಲೆ ಎಂಬ ವಾದಕ್ಕೆ ನನ್ನ ತಕರಾರಿಲ್ಲ. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟದ ಊರಿನಲ್ಲಿ ನಿಂತು ನೈದಿಲೆಯ ಪರವಾಗಿ ಭಾಷಣ ಮಾಡುವುದು ಅಸಹ್ಯ. ಆದರೆ ಇಲ್ಲಿ ಅಂತಹ ಆಯ್ಕೆಯ ಪ್ರಸಂಗವೇ ಬರುವುದಿಲ್ಲ. ತೂಬಿನ ಮುಂದಿನ ಹೂಳನ್ನು ಬೇಕಾದಷ್ಟು ತೆಗೆಯಲಿ. ಹಳ್ಳ ಬಂದು ಸೇರುವ ಹಿಂಬದಿಯ ಇಳಿಜಾರನ್ನು ಅಗೆಯದೆ ಬಿಟ್ಟರೆ ನೀರಿನ ಸಂಗ್ರಹದಲ್ಲಿ ಆಗುವ ನಷ್ಟ ಅಲ್ಪ, ಏಕೆಂದರೆ ಅಲ್ಲಿ ನೀರೇ ಅಲ್ಪ. ಆ ಜೊಂಡು, ಎಲೆಗಳು ಹಳ್ಳದ ಮಣ್ಣನ್ನು ತಡೆದು ಹಿಡಿಯುವುದರಿಂದ ತೂಬಿನ ಮುಂದೆ ಹೂಳು ಕೂಡುವುದೂ ನಿಧಾನವಾಗುತ್ತದೆ. ಹತ್ತು ವರ್ಷಕ್ಕೊಮ್ಮೆ ಕೆರೆಗೆ ಯಂತ್ರ ಇಳಿಸುವ ಖರ್ಚನ್ನು ಲೆಕ್ಕ ಹಾಕುವ ಇಲಾಖೆಗೆ ಈ ಉಳಿತಾಯವನ್ನು ಲೆಕ್ಕ ಹಾಕುವುದು ಕಷ್ಟವಾಗಲಾರದು.

ಕೆರೆ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಇಂದು ವಿಸ್ತೀರ್ಣ, ಆಳ, ತೆಗೆಯುವ ಮಣ್ಣಿನ ಪ್ರಮಾಣ, ಏರಿಯ ಉದ್ದ ಇವೆಲ್ಲಕ್ಕೂ ಕಾಲಂಗಳಿವೆ. ಅಗೆಯದೆ ಬಿಡುವ ಭಾಗ ಎಷ್ಟು, ಕಳೆದ ಮಳೆಗಾಲದಲ್ಲಿ ಅಲ್ಲಿ ಮರಿ ಮಾಡಿದ ಹಕ್ಕಿಗಳು ಯಾವುವು ಎಂಬ ಎರಡು ಕಾಲಂಗಳನ್ನು ಸೇರಿಸಲು ಹೊಸ ಕಾನೂನು ಬೇಕಾಗಿಲ್ಲ. ಜಿಲ್ಲಾ ಪಂಚಾಯಿತಿಯ ಒಂದು ಸುತ್ತೋಲೆ ಸಾಕು. ಎರಡನೆಯ ಕಾಲಂ ತುಂಬುವ ಜನ ಮೈಸೂರಿನಲ್ಲೇ ಇದ್ದಾರೆ. 2014ರಿಂದ 2016ರವರೆಗೆ ನಗರದ ಹಕ್ಕಿಗಳ ನಕಾಶೆಯನ್ನು ಚೌಕ ಚೌಕವಾಗಿ ತಯಾರಿಸಿದ ಹವ್ಯಾಸಿಗಳ ಊರಿದು. ಜನವರಿಯ ಗಣತಿಗೆ ಬರುವ ಅವರೇ ಮಳೆಗಾಲದಲ್ಲೂ ಬರಬೇಕು. ಬಾಲವಿಲ್ಲದ ಮಾಸಲು ಹಕ್ಕಿಯನ್ನು ಎಣಿಸುವುದಕ್ಕಿಂತ ಮರಿಗಳೊಂದಿಗಿರುವ ಗಂಡನ್ನು ಗುರುತಿಸುವುದು ಸುಲಭ. ದೇವನೂರು ಸುತ್ತಿನ ಒಂದು ಕೆರೆಗೆ ಬೇಕಾಗುವುದು ಎರಡು ಭಾನುವಾರದ ಬೆಳಗುಗಳು: ಒಂದು ಜುಲೈ ಕೊನೆಗೆ, ಇನ್ನೊಂದು ಸೆಪ್ಟೆಂಬರ್ ಮೊದಲಿಗೆ. ಊರಿನ ನೀರುಗಂಟಿಯನ್ನು ಜೊತೆಗೆ ಕರೆದೊಯ್ದರೆ ಎಲೆ ಎಲ್ಲಿದೆ ಎಂದು ಅವನೇ ತೋರಿಸುತ್ತಾನೆ.